ನಾಕನೇ ಮೆಟ್ಟಿಲು

ನನಗೆ ಹದಿನೈದು ವರ್ಷವಾಗಿದ್ದಾಗ ಶಾಲೆಯವರು ನಮ್ಮನ್ನು ಗೋವಾದ ಕಾಣಕೋಣದ ಕಡೆಯ ಒಂದು ಗುಡ್ಡಕ್ಕೆ ಚಾರಣಕ್ಕೆ ಕರೆದೊಯ್ದರು. ಜೊತೆಗೆ ಅಂಧರ ಶಾಲೆಯ ಮಕ್ಕಳೂ ಇದ್ದರು. ಕಣ್ಣಿದ್ದವರು ಒಬ್ಬರು, ಇಲ್ಲದವರು ಒಬ್ಬರು, ಹೀಗೆ ಜೋಡಿ. ಹೊರಡುವ ಮುಂಜಾನೆ ಅವ್ವ ಬುತ್ತಿ ಕಟ್ಟುತ್ತ, "ಮನ್ಯಾಗ ಒಂದ ಕೊಡ ನೀರ ಎತ್ತಾಂಗಿಲ್ಲ, ಗುಡ್ಡ ಹತ್ತಾಕ ಹೊಂಟಾಳ ನೋಡ್ರಿ," ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮಡಗಾಂವ್‌ನ ನಮ್ಮ ಬಟ್ಟೆ ಅಂಗಡಿಯ ಬೀಗದಕೈ ಹುಡುಕುತ್ತಿದ್ದರು. ಅವ್ವ ಹೇಳಿದ್ದು ಖರೇನೇ ಆಗಿತ್ತು.

ನನಗೆ ಜೋಡಿಯಾದವಳು ನನ್ನದೇ ವಯಸ್ಸಿನ ಕೊಂಕಣಿ ಹುಡುಗಿ, ಹುಟ್ಟಿನಿಂದಲೇ ಕಣ್ಣಿಲ್ಲದವಳು. ಈ ಗುಡ್ಡದ ತುದಿಯಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಒಟ್ಟಿಗೇ ಬೀಸುತ್ತದೆ ಎಂದು ಅವಳ ಅಣ್ಣ ಹೇಳಿದ್ದನಂತೆ. ಮೊಬೈಲಿನಲ್ಲಿ ಹಿಡಿದು ತಂದು ಕೇಳಿಸಿಯೂ ಇದ್ದ. ಅವಳಿಗೆ ಕೇಳಿದ್ದು ಬರೀ ಗರಗರ ಸದ್ದು. "ಅವನು ದೊಡ್ಡ ಸುಳ್ಳುಗಾರ. ನಾನೇ ನಿಂತು ನೋಡಬೇಕು," ಎಂದಳು. ಅದಕ್ಕೆಂದೇ ಮನೆಯವರನ್ನು ವಾರಗಟ್ಟಲೆ ಕಾಡಿ, ಒಪ್ಪಿಸಿ ಬಂದಿದ್ದಳು.

ಅರ್ಧ ದಾರಿಯಿಂದ ಮೇಲೆ ಕಲ್ಲು ಕಡಿದ ಮೆಟ್ಟಿಲು. ಒಂದು ಗೇಣೆತ್ತರ ಇದ್ದರೆ ಇನ್ನೊಂದು ಮೊಣಕಾಲೆತ್ತರ. ಅವಳು ನನ್ನ ಮೊಣಕೈ ಹಿಡಿದು ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. ಅವಳಿಗೆ ತಿಳಿಯಲೆಂದು ಮೊದಮೊದಲು ಮೆಟ್ಟಿಲುಗಳನ್ನು ಕೊಂಕಣಿಯಲ್ಲೇ ಎಣಿಸಿದೆ. ದಣಿದ ಮೇಲೆ ಬಾಯಿಗೆ ಅವ್ವ ಕಲಿಸಿದ ಎಣಿಕೆಯೇ ಬರುತ್ತದೆ. ನನಗೇ ತಿಳಿಯದೆ "ಒಂದ, ಎರಡ, ಮೂರ, ನಾಕ" ಎನ್ನತೊಡಗಿದ್ದೆ. ನಾಕಾದ ಮೇಲೆ ಮತ್ತೆ ಒಂದರಿಂದ. ಅದಕ್ಕಿಂತ ಹೆಚ್ಚಿನ ಉಸಿರು ನನ್ನಲ್ಲಿರಲಿಲ್ಲ. ಪ್ರತಿ ಸಲ ನಾಕಕ್ಕೆ ಅವಳು ನಿಲ್ಲುತ್ತಿದ್ದಳು. ಪಾಪ, ಸುಸ್ತಾಗಿದೆ ಅವಳಿಗೆ ಎಂದುಕೊಂಡು ನಾನೂ ನಿಲ್ಲುತ್ತಿದ್ದೆ. ಒಳಗೊಳಗೆ ಖುಷಿಯೇ ಆಗುತ್ತಿತ್ತು.

ಉಳಿದ ಜೋಡಿಗಳ ದನಿ ಕೇಳದಷ್ಟು ಹಿಂದೆ ಬಿದ್ದೆವು. ನಮ್ಮನ್ನು ಹುಡುಕಿಕೊಂಡು ಸರ್ ಇಳಿದು ಬಂದು, ಯಾರಿಗೆ ಆಗುತ್ತಿಲ್ಲ ಎಂದು ಕೇಳಿದರು. ಇಬ್ಬರಲ್ಲಿ ಒಬ್ಬರಿಗೆ ಆಗದಿದ್ದರೂ ಜೋಡಿಯೇ ಕೆಳಗಿಳಿಯಬೇಕು ಎಂಬುದು ಮೊದಲೇ ಹೇಳಿದ ನಿಯಮ.

"ನನಗೆ ಆಗುತ್ತದೆ ಸರ್," ಎಂದಳು ಅವಳು. "ಇವಳೇ ಆಗಿನಿಂದ ನಾಕಾ, ನಾಕಾ ಅನ್ನುತ್ತಿದ್ದಾಳೆ."

ಕೊಂಕಣಿಯಲ್ಲಿ ನಾಕಾ ಎಂದರೆ ಬೇಡ. ನನಗೆ ಆಗಲೇ ಹೊಳೆಯಿತು. ಒಂದು ಮಾತು ಹೇಳಿದ್ದರೆ ಮೂವರೂ ನಕ್ಕು ಮೇಲೆ ಹೋಗುತ್ತಿದ್ದೆವು. ಆದರೆ ಮೇಲೆ ಇನ್ನೂ ಮೆಟ್ಟಿಲುಗಳಿದ್ದವು, ಬುತ್ತಿಯ ಚೀಲ ಹೆಗಲು ಕೊಯ್ಯುತ್ತಿತ್ತು. ಸುಮ್ಮನೆ ನಿಂತೆ. ಮೌನ ಬಂಗಾರ ಎನ್ನುವವರಿಗೆ ಆ ದಿನದ ನನ್ನ ಮೌನ ತೋರಿಸಬೇಕು. ಸರ್ ನನ್ನ ಮುಖ ನೋಡಿ, "ಇಳಿಯಿರಿ," ಎಂದರು.

ಸರ್ ಮುಂದೆ, ನಾವಿಬ್ಬರು ಹಿಂದೆ. ನನ್ನ ಹಾಳು ಬಾಯಿ ಇಳಿಯುವಾಗಲೂ ಎಣಿಸುತ್ತಿತ್ತು. ನಾಕ ಎಂದೊಡನೆ ಅವಳು ಗಕ್ಕನೆ ನಿಂತಳು.

"ಇಳಿಯುವುದೂ ಬೇಡವಾ ನಿನಗೆ?"

ಅದು ಬೇಡ ಅಲ್ಲ, ನಮ್ಮ ಕನ್ನಡದ ನಾಲ್ಕು ಎಂದೆ. ಅವಳು ಬೆರಳು ಮಡಚುತ್ತ ಒಂದರಿಂದ ಎಣಿಸಿ ನೋಡಿದಳು.

"ಮೇಲೆ ಸರ್ ಬಂದಾಗಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು," ಎಂದೆ. ಸುಳ್ಳು ಹೇಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಮೊಣಕೈ ಮೇಲಿನ ಅವಳ ಹಿಡಿತ ಸಡಿಲಾಯಿತು. ಆದರೂ ಕೈ ಬಿಡಲಿಲ್ಲ. ಇನ್ನೂ ಅಷ್ಟೊಂದು ಮೆಟ್ಟಿಲು ಉಳಿದಿದ್ದವು, ಅವಳು ನನ್ನನ್ನೇ ಹಿಡಿದು ಇಳಿಯಬೇಕಿತ್ತು.