ಮೇಜಿನ ಮೇಲೆ ಉಳಿದ ನಕಾಶೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಅಸಹ್ಯ. ಹುಣಸೆಮರ, ಬಿಳಿ ಸೀರೆ, ಗೆಜ್ಜೆ ಸದ್ದು... ಯಾವ ದಿನ ಎಂದು ಕೇಳಿದರೆ 'ಒಂದು ಅಮಾವಾಸ್ಯೆ' ಎನ್ನುತ್ತಾರೆ. ಎಷ್ಟು ಗಂಟೆಗೆ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ನನ್ನದು ಹಾಗಲ್ಲ. ಹನ್ನೊಂದನೆಯ ತಾರೀಖು, ಮಂಗಳವಾರ, ರಾತ್ರಿ ಏಳು ನಲವತ್ತರಿಂದ ಏಳು ಐವತ್ತೆರಡು. ದಿನಚರಿ ಮುಂದೆಯೇ ಇದೆ. ನಂಬದವರು ಬಂದು ನೋಡಬಹುದು.

ಬೆಟಗೇರಿಯ ಒಂದು ಹಳೆಯ ವಾಚನಾಲಯದಲ್ಲಿ ನಾನು ತರಬೇತಿಗೆ ಸೇರಿದ್ದೆ. ನನಗೆ ವಹಿಸಿದ್ದು ಒಳಕೋಣೆಯ ಭೂಗೋಳದ ಕಪಾಟು. ಅಟ್ಲಾಸುಗಳು, ಜಿಲ್ಲಾ ಗ್ಯಾಝೆಟಿಯರುಗಳು, ಊರುಗಳ ಪಟ್ಟಿಗಳು, ಬಟ್ಟೆಗೆ ಅಂಟಿಸಿದ ನಕಾಶೆಗಳು, ಒಟ್ಟು ನೂರಾ ಹನ್ನೆರಡು. ಇವನ್ನು ಮನೆಗೆ ಕೊಡುವುದಿಲ್ಲ. ಅಲ್ಲಿಯೇ ಕುಳಿತು ನೋಡಬೇಕು, ನೋಡಿದ ಮೇಲೆ ಮೇಜಿನ ಮೇಲೆಯೇ ಬಿಟ್ಟು ಹೋಗಬೇಕು. ಬಾಗಿಲು ಹಾಕುವಾಗ ಮೇಜಿನ ಮೇಲೆ ಯಾವ ಪುಸ್ತಕ ಸಿಗುತ್ತದೋ ಅದರ ಹೆಸರಿನ ಮುಂದೆ ವಹಿಯಲ್ಲಿ ಒಂದು ಗೆರೆ. ಅದನ್ನು ಯಾರೋ ಓದಿದರು ಎಂಬುದಕ್ಕೆ ಆ ಗೆರೆಯೊಂದೇ ಸಾಕ್ಷಿ.

ನಮ್ಮ ಗ್ರಂಥಪಾಲಕರು ವರ್ಷಗಟ್ಟಲೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ವಹಿಯ ಕೊನೆಯ ಪುಟಗಳಲ್ಲಿ ಅವರ ಮಗಳ ಮದುವೆಗೆ ಕರೆಯಬೇಕಾದವರ ಹೆಸರುಗಳಿದ್ದವು. ಇಂಥವರು, ಪರೀಕ್ಷೆಗೆ ಓದುವವರಿಗೆ ಕುರ್ಚಿ ಹಾಕಲು ಜಾಗ ಬೇಕಾದಾಗ ಒಮ್ಮೆಲೇ ನಿಯಮದ ಮನುಷ್ಯರಾದರು. ತೊಂಬತ್ತು ದಿನದಲ್ಲಿ ಒಂದೂ ಗೆರೆ ಬೀಳದ ಪುಸ್ತಕ ರದ್ದಿಗೆ. ಎಣಿಸಿ, ಪಟ್ಟಿ ಮಾಡಿ, ಸಹಿ ಹಾಕುವ ಕೆಲಸ ನನ್ನದು.

ಓದುಗರೂ ಅಂಥವರೇ. ಎಂಬತ್ತೊಂಬತ್ತು ದಿನಗಳಲ್ಲಿ ಮೂರು ಪುಸ್ತಕಗಳಿಗೆ ನಾಲ್ಕು ಗೆರೆ. ಅದರಲ್ಲಿಯೂ ಎರಡು ಸಲ ದೊಡ್ಡ ಅಟ್ಲಾಸನ್ನು ಹೊರತೆಗೆದದ್ದು, ಮಡಚಿದ ಅರ್ಜಿಯ ಸುಕ್ಕು ಹೋಗಲೆಂದು ಅದರ ಮೇಲೆ ಭಾರ ಇಡಲು.

ಕಪಾಟಿನಲ್ಲಿ ಒಂದೇ ಒಂದು ಪುಸ್ತಕಕ್ಕೆ ಅಳುವವರಿದ್ದರು. ಅದು ಶಿರಹಟ್ಟಿ ಕಡೆಯ ಹಳೆಯ ಗ್ರಾಮ ನಕಾಶೆಗಳ ಸಂಪುಟ. ಅಳುವವರು ನಮ್ಮಲ್ಲಿ ರಟ್ಟು ಕಟ್ಟುವ ಹುಸೇನಸಾಬ ಚಾಚಾ. ಅವರ ಮುತ್ತಜ್ಜನ ಊರು ಅದರಲ್ಲಿತ್ತು. ಸರ್ಕಾರಿ ಲೆಕ್ಕದಲ್ಲಿ ಬೇಚರಾಕ್ ಊರು. ಹೆಸರಿದೆ, ಗಡಿಯಿದೆ, ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ. ಹಿಂದೊಮ್ಮೆ ಬೇನೆ ಬಂದು ಒಂದೇ ವಾರದಲ್ಲಿ ಹದಿನೆಂಟು ಮಂದಿ ಸತ್ತರಂತೆ. ಉಳಿದವರು ಅವರನ್ನು ಅಲ್ಲೇ ಬಿಟ್ಟು ಲಕ್ಷ್ಮೇಶ್ವರಕ್ಕೆ ಓಡಿದರಂತೆ.

"ನಮಗೂ ಒಂದ್ ಊರಿತ್ತು ಅಂತ ತೋರ್ಸಾಕ ಇದೊಂದ ಹಾಳಿ ಐತ್ರಿ ಬಾಯಾರ," ಎಂದರು ಚಾಚಾ.

"ಮಂದಿನ ಇಲ್ಲದ ಊರಿಗೆ ನಕಾಶಿ ಯಾಕ್ರಿ ಚಾಚಾ? ಅಲ್ಲಿಗೇನ್ ಬಸ್ ಬಿಡ್ತಾರೇನು?" ಎಂದೆ.

ಅದನ್ನು ಉಳಿಸಿರೆಂದು ಅವರು ಮತ್ತೆ ಕೇಳಲಿಲ್ಲ. ಬೇಕಾಗಿದ್ದರೆ ಒಂದು ಸಂಜೆ ತಾವೇ ಅದನ್ನು ಮೇಜಿನ ಮೇಲೆ ಬಿಡಬಹುದಿತ್ತು. ಬಿಡಲಿಲ್ಲ. ಕೆಲಸದವರು ನೋಡಿದರೆ ಗೆರೆಯಿಲ್ಲ ಎಂದು ಮೊದಲ ದಿನವೇ ನಾನು ಹೇಳಿದ್ದೆನಲ್ಲ! ಪೆದ್ದ ಪ್ರಾಮಾಣಿಕತೆ ಎಂದು ಆ ದಿನದ ಪುಟದಲ್ಲಿ ಬರೆದುಕೊಂಡಿದ್ದೇನೆ.

ತೊಂಬತ್ತನೆಯ ದಿನ ಚಾಚಾ ನೆಂಟರ ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಗ್ರಂಥಪಾಲಕರು ಎಂದಿನಂತೆ ನಾಲ್ಕಕ್ಕೇ ಮಾಯ. ಏಳೂವರೆಗೆ ಕೊನೆಯ ಓದುಗ ಎದ್ದು ಹೋದ. ಒಳಕೋಣೆಯ ಮೇಜು ಖಾಲಿ. ಒರೆಸಿದೆ. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಹೊರಕೋಣೆಗೆ ಬಂದು ಪಟ್ಟಿ ಮುಗಿಸಿದೆ. ನೂರಾ ಒಂಬತ್ತು ಪುಸ್ತಕಗಳು ರದ್ದಿಗೆ. ಎಪ್ಪತ್ತಮೂರನೆಯದು ಚಾಚಾನ ನಕಾಶೆ. ಸಹಿಯೊಂದೇ ಬಾಕಿ.

ಏಳು ನಲವತ್ತಕ್ಕೆ ಕರೆಂಟು ಹೋಯಿತು.

ಒಳಕೋಣೆಯಲ್ಲಿ ಸದ್ದು... ಗಂಜಿ ಹಾಕಿದ ಧೋತರ ಕೊಡವಿದಂತೆ. ಬಟ್ಟೆಯ ನಕಾಶೆಯ ಮಡಿಕೆ ಬಿಚ್ಚಿದರೆ ಹೀಗೆಯೇ ಸದ್ದಾಗುತ್ತದೆ. ಮೂರು ಮಡಿಕೆ, ಮೂರು ಸದ್ದು. ಹಿಂದೆಯೇ ವಾಸನೆ. ಔಡಲೆಣ್ಣೆಯ ದೀಪ ಆರಿದ ಮೇಲೆ ಬತ್ತಿ ಹೊಗೆಯುತ್ತದಲ್ಲ, ಆ ವಾಸನೆ.

"ಚಾಚಾ, ನಾಟಕ ಸಾಕ್ರಿ," ಎಂದು ನಗುತ್ತ ಮೊಬೈಲಿನ ಟಾರ್ಚ್ ಹಿಡಿದು ಒಳಗೆ ಹೋದೆ.

ಕಪಾಟಿಗೆ ಬೀಗ ಹಾಗೆಯೇ ಇತ್ತು. ಮೇಜಿನ ಮೇಲೆ ಆ ಸಂಪುಟ ಬಿಚ್ಚಿಕೊಂಡು ಬಿದ್ದಿತ್ತು. ಅದೇ ಊರಿನ ಹಾಳೆ.

ಮೇಜಿನ ಆಚೆ ಕಡೆಯಿಂದ ಒಬ್ಬ ಮುದುಕಿಯ ಧ್ವನಿ, ತೀರ ಮೆಲ್ಲಗೆ: "ನನಗ ಓದಾಕ ಬರೂದಿಲ್ಲವಾ... ನಮ್ಮೂರು ಎಲ್ಲೈತಿ, ಬಟ್ಟಿಟ್ಟು ತೋರ್ಸು."

ಟಾರ್ಚನ್ನು ಮೇಲೆತ್ತಲು ನನ್ನಿಂದ ಆಗಲಿಲ್ಲ. ಬೆಳಕನ್ನು ಹಾಳೆಯ ಮೇಲೆಯೇ ಹಿಡಿದು, ಊರಿನ ಗುರುತಿನ ಮೇಲೆ ಬೆರಳಿಟ್ಟು ಹೆಸರು ಓದಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಬೆರಳಿನ ಪಕ್ಕದಲ್ಲಿ ಹಾಳೆ ತಗ್ಗಾಯಿತು. ಬೆರಳು ಕಾಣಲಿಲ್ಲ, ಒತ್ತಿದ್ದು ಮಾತ್ರ ಕಂಡಿತು. ಎತ್ತಿದಾಗ ಅಲ್ಲೊಂದು ಎಣ್ಣೆಯ ಗುರುತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಇನ್ನೊಂದು, ಮಗುವಿನ ಬೆರಳಿನಷ್ಟು ಸಣ್ಣದು... ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಮುಂದೆ ಬರುವಂತೆ ನೆಲದ ಮೇಲೆ ಬರಿಗಾಲುಗಳ ಸದ್ದು. ನಾನು ಎಣಿಸಿದೆ. ನನ್ನ ಚಟ ಅದು, ಹೆದರಿಕೆಯಲ್ಲೂ ಬಿಡಲಿಲ್ಲ.

ಹದಿನೇಳು ಆದಾಗ ಕರೆಂಟು ಬಂತು. ಏಳು ಐವತ್ತೆರಡು. ಕೋಣೆಯಲ್ಲಿ ನಾನೊಬ್ಬಳೇ.

ಪುಸ್ತಕ ಮೇಜಿನ ಮೇಲಿತ್ತು. ವಹಿ ತೆಗೆದು ಗೆರೆ ಎಳೆದೆ. ಪಟ್ಟಿಯನ್ನು ತಿದ್ದಿ ನೂರಾ ಎಂಟು ಮಾಡಿ ಸಹಿ ಹಾಕಿದೆ.

ಮರುದಿನ ಗ್ರಂಥಪಾಲಕರು ಪಟ್ಟಿಯನ್ನು ಓದದೆಯೇ ಸಹಿ ಮಾಡಿದರು. ಒಂದು ಕಡಿಮೆಯಾಯಿತೆಂದು ನಾನೇ ಹೇಳಿದಾಗ ಹಲ್ಲು ಕಿಸಿದರು. "ಅದನ್ನ್ಯಾರು ಓದಿದ್ರು? ದೆವ್ವ ಬಂದಿತ್ತೇನು?" ನೂರಾ ಎಂಟು ಪುಸ್ತಕಗಳು ಲಗೇಜ್ ಆಟೋದಲ್ಲಿ ಹೋದವು.

ಮಧ್ಯಾಹ್ನ ಚಾಚಾ ಬಂದರು. ರಾತ್ರಿಯೆಲ್ಲ ಮದುವೆ ಮನೆಯಲ್ಲೇ ಇದ್ದರೆಂದು ಅವರ ಜೊತೆ ಬಂದ ಅಳಿಯನೂ ಹೇಳಿದ. ನಾನು ಹಾಳೆ ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ, ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡರು.

"ಎಷ್ಟ್ ಮಂದಿ ಬಾಯಾರ?"

"ಹದಿನೇಳು."

"ಹಂಗಾದ್ರ ಇನ್ನೊಬ್ರು ಬರೋರು ಅದಾರ," ಎಂದು ಅಂಟು ಕಲಸಲು ಹೋದರು.

ಅಂದಿನಿಂದ ಆ ಸಂಪುಟವನ್ನು ನಾನು ಕಪಾಟಿಗೆ ಇಟ್ಟಿಲ್ಲ. ಮೇಜಿನ ಮೇಲೆ ಬಿಚ್ಚಿಯೇ ಇರುತ್ತದೆ. ದಿನಕ್ಕೆ ಎರಡು ಸಲ ಗುರುತುಗಳನ್ನು ಎಣಿಸುತ್ತೇನೆ. ದೆವ್ವದ ಕಥೆಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿನ್ನೆ ಸಂಜೆಯೂ ಹದಿನೇಳೇ. ಬೀಗ ಹಾಕಿ ಮೆಟ್ಟಿಲು ಇಳಿಯುವಾಗ ಒಳಗೆ ಕುರ್ಚಿ ಎಳೆದ ಸದ್ದಾಯಿತು... ಯಾರೋ ನಿಂತು ಸಾಕಾಗಿ ಕುಳಿತಂತೆ.

ವಾಚನಾಲಯ ತೆರೆಯುವುದು ಹತ್ತಕ್ಕೆ. ಈಗ ಹತ್ತು ಹದಿನೈದು. ಬೀಗದ ಕೈ ನನ್ನ ಮುಷ್ಟಿಯಲ್ಲಿದೆ. ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.