ಬಾಗಿಲು ಹಾಕಿದ ಸಭೆ, ಬಗ್ಗಿ ನಿಂತ ದೂರು

ಗೆಳೆಯರೇ, ಇಲ್ಲಿ ಜಪಾನಿನಲ್ಲಿ ನಮ್ಮ ಊರಿನ ಶಿಕ್ಷಣ ಸಮಿತಿ ಕೊರೊನಾ ಹೆಸರಿನಲ್ಲಿ ಬಾಗಿಲು ಹಾಕಿಕೊಂಡು ಸಭೆ ನಡೆಸಿ, ವಿದೇಶಿ ಮಕ್ಕಳಿಗೆ ಜಪಾನಿ ಭಾಷೆ ಕಲಿಸುವ ತರಗತಿಯನ್ನು ರದ್ದು ಮಾಡಿದೆ. ನನ್ನ ಚಿಕ್ಕ ಮಗ ಶಾಲೆಯಲ್ಲಿ ಬಾಯಿ ಬಿಡುತ್ತಿದ್ದುದು ಆ ತರಗತಿಯಲ್ಲಿ ಮಾತ್ರ. ನಿಯಮದಂತೆ ಅದು ಸಾರ್ವಜನಿಕರು ಕೂತು ಕೇಳಬಹುದಾದ ಸಭೆ. ದೂರು ಕೊಡಲು ಇವತ್ತು ಸಮಿತಿಯ ಕಚೇರಿಗೆ ದೊಡ್ಡ ಮಗಳನ್ನು ದುಭಾಷಿಯಾಗಿ ಕರೆದೊಯ್ದೆ.

“ಇದು ತಪ್ಪು, ಸಭೆ ಮತ್ತೆ ನಡೀಬೇಕು ಅಂತ ಹೇಳು.”

ಅವಳು ಮಾತುಮಾತಿಗೂ ಸುಮಿಮಾಸೆನ್ ಸೇರಿಸಿ ಏನೋ ಹೇಳಿದಳು. ಕೌಂಟರಿನಲ್ಲಿದ್ದ ಅಧಿಕಾರಿ ತನಾಕಾ ಸಾನ್ ಎದ್ದು ನಿಂತು ಬಗ್ಗಿದರು.

“ಏನಂದೆ?”

“ತೊಂದ್ರೆ ಕೊಡ್ತಿದೀವಿ, ಕ್ಷಮಿಸಿ ಅಂದೆ. ತಪ್ಪು ಅಂದ್ರೆ ತುಂಬಾ ರೂಡ್ ಅಪ್ಪಾ. ನಮ್ಮ ರಿಕ್ವೆಸ್ಟನ್ನ ಮುಂದಿನ ಮೀಟಿಂಗಲ್ಲಿ ಇಡ್ತಾರಂತೆ.”

“ಅದಕ್ಕಾದ್ರೂ ನಮ್ಮನ್ನ ಒಳಗೆ ಬಿಡ್ತಾರಾ, ಕೇಳು.”

ಕೇಳಿದಳು. ತನಾಕಾ ಸಾನ್ ಇನ್ನಷ್ಟು ಬಗ್ಗಿದರು. ಅನುವಾದ ಬೇಕಾಗಲಿಲ್ಲ. ಬೆನ್ನು ಬಗ್ಗಿತು, ಬಾಗಿಲು ಜಗ್ಗಲಿಲ್ಲ.