ಬಿರುಕಮ್ಮನ ಪಲ್ಲಾಡಿಯಂ ತಂತಿ

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಆಕೆಗೆ ಅಲ್ಲಿನ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಬಿರುಕಮ್ಮ ಎಂಬ ಹೆಸರು ಬಿದ್ದಿತ್ತು. ತಮಾಷೆಗೆ ಇಟ್ಟ ಹೆಸರು; ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಂತಿಯ ಮೈಮೇಲೆ ಕೂದಲೆಳೆಯಂಥ ಬಿರುಕು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಿದ್ದವಳಿಗೆ ಬೇರೆ ಯಾವ ಹೆಸರು ತಾನೆ ಒಪ್ಪೀತು?

ತಂತಿ ಪಲ್ಲಾಡಿಯಂನದು. ಬೆಳ್ಳಿಯಂತೆ ಹೊಳೆಯುವ ಈ ಲೋಹ ಸ್ಪಂಜು ನೀರು ಹೀರುವಂತೆ ಜಲಜನಕವನ್ನು ಹೀರುತ್ತದೆ. ಭಾರಜಲದಲ್ಲಿ, ಅಂದರೆ ಭಾರವಾದ ಬಗೆಯ ಜಲಜನಕವಿರುವ ನೀರಿನಲ್ಲಿ, ಮುಳುಗಿಸಿ ವಿದ್ಯುತ್ ಹರಿಸಿ, ಆ ಜಲಜನಕವನ್ನು ಅದರೊಳಗೆ ಒತ್ತಿ ತುಂಬಿದರೆ, ಸೂರ್ಯನೊಳಗಿನಂಥ ಬೆಂಕಿಯಿಲ್ಲದೆಯೇ ಪರಮಾಣುಗಳ ತಿರುಳು ಬೆಸೆದು ಶಾಖ ಬರುತ್ತದೆಂದು ಕೆಲವರು ನಂಬಿದ್ದರು. ಹೆಚ್ಚಿನವರು ನಕ್ಕುಬಿಟ್ಟಿದ್ದರು. ಆಕೆ ನಂಬಲೂ ಇಲ್ಲ, ನಗಲೂ ಇಲ್ಲ. ಅದು ನಿಜವೇ ಆಗುವುದಾದರೆ ಲೋಹ ಹೇಗಿರಬೇಕು ಎಂಬ ಒಂದೇ ಪ್ರಶ್ನೆ ಹಿಡಿದು ಕೂತಳು. ಲೋಹದ ಒಂದೊಂದು ಪರಮಾಣುವಿಗೂ ಹೆಚ್ಚುಕಡಿಮೆ ಒಂದೊಂದು ಜಲಜನಕ ಸಿಗುವಷ್ಟು ತುಂಬಬೇಕು. ಅವಸರ ಮಾಡಿದರೆ ತಂತಿ ಉಬ್ಬಿ ಸೀಳುತ್ತದೆ, ತುಂಬಿದ್ದೆಲ್ಲ ಸೋರಿಹೋಗುತ್ತದೆ. ಹಾಗಾಗಿ ಮೊದಲು ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ತಣಿಸುವುದು, ಆಮೇಲೆ ಮಗುವಿಗೆ ಉಣಿಸುವಂತೆ ಸ್ವಲ್ಪಸ್ವಲ್ಪವೇ ತುಂಬುವುದು.

“ಇವಳು ಮನೆಗೆ ಬಂದ್ರೂ ಜೀವ ಅಲ್ಲೇ ಇರತ್ತೆ,” ಎನ್ನುತ್ತಿದ್ದರು ಅತ್ತೆ. ಅದು ನಿಜ. ಊಟಕ್ಕೆ ಕೂತರೂ, ಬೀಗ ಹಾಕಿದೆನೋ ಇಲ್ಲವೋ, ನೀರು ಹರಿಯುವ ಕೊಳವೆ ಕಳಚಿತೋ ಏನೋ ಎಂದು ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಸಾಲದ್ದಕ್ಕೆ ವಿಭಾಗದ ಮುಖ್ಯಸ್ಥರು, ಫಲ ತೋರಿಸದಿದ್ದರೆ ತಿಂಗಳೊಳಗೆ ಪ್ರಯೋಗಾಲಯದ ಕೋಣೆ ಖಾಲಿ ಮಾಡಬೇಕೆಂದು ಹೇಳಿಯಾಗಿತ್ತು. ಆ ಅವಧಿ ಮುಗಿಯುತ್ತಾ ಬಂದಾಗ, ಒಂದು ಮಧ್ಯಾಹ್ನ, ಬಿರುಕೇ ಇಲ್ಲದ ಒಂದು ತಂತಿ ಸರಿಯಾಗಿ ತುಂಬಿಕೊಂಡಿತು. ತಂತಿ ತುಂಬುತ್ತಾ ಹೋದಂತೆ ಅದರ ವಿದ್ಯುತ್ ತಡೆ ಮೊದಲು ಏರುತ್ತದೆ, ತುಂಬಾ ತುಂಬಿದ ಮೇಲೆ ಇಳಿಯತೊಡಗುತ್ತದೆ. ಆವತ್ತು ಅದು ಇಳಿಯುತ್ತಲೇ ಹೋಯಿತು. ಆಮೇಲೆ ಉಷ್ಣಮಾಪಕ ಏರತೊಡಗಿತು. ಹರಿಸಿದ ವಿದ್ಯುತ್ತಿಗೆ ಬರಬೇಕಾದ್ದಕ್ಕಿಂತ ಹೆಚ್ಚು.

ಗಾಜಿನ ಪಾತ್ರೆಗಳನ್ನು ಊದಿ ಮಾಡಿಕೊಡುವ ಗಾಜಣ್ಣ ಅಲ್ಲೇ ಒಂದು ಕೊಳವೆ ಜೋಡಿಸುತ್ತಿದ್ದ. ಆತ ತಲೆಯೆತ್ತಿ, “ಒತ್ತಡದ ಮುಳ್ಳೂ ಏರ್ತಾ ಇದೆಯಲ್ಲಮ್ಮ,” ಎಂದ.

ಏರುತ್ತಿತ್ತು. ನೀರಿನಿಂದ ಬಿಡುಗಡೆಯಾದ ಅನಿಲಗಳನ್ನು ಮತ್ತೆ ನೀರಾಗಿಸುವ ಪುಡಿ ಒದ್ದೆಯಾಗಿ ಕೆಲಸ ನಿಲ್ಲಿಸಿರಬೇಕು. ಮುಚ್ಚಿದ ಪಾತ್ರೆಯಲ್ಲಿ ಅನಿಲ ಸೇರುತ್ತಿತ್ತು. ಒಂದು ಕಿಡಿ ಸಾಕು.

“ನಿಲ್ಲಿಸಿದ್ರೆ ತಂತಿ ಹೋಯ್ತು ಅಣ್ಣ. ಒಳಗಿರೋದೆಲ್ಲ ಹೊರಗೆ ಬಂದು ಸೀಳಿಬಿಡತ್ತೆ. ಇಂಥದ್ದು ಮತ್ತೆ ಸಿಗತ್ತೋ ಇಲ್ವೋ.”

“ನಿಲ್ಲಿಸದಿದ್ರೆ?”

ಆಕೆಯ ಕಣ್ಣು ಮುಳ್ಳಿನ ಮೇಲೇ ಇತ್ತು. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಮನಸ್ಸು ಗೋಗರೆಯುತ್ತಿತ್ತು. ಅಷ್ಟರಲ್ಲಿ ಮೇಲಿನ ತರಗತಿಯಲ್ಲಿ ಬೆಂಚು ಎಳೆದಾಡಿದ ಸದ್ದು ಕೇಳಿತು, ಯಾರೋ ಜೋರಾಗಿ ನಕ್ಕರು. ಮಕ್ಕಳು ಪಾಠಕ್ಕೆ ಬಂದು ಕೂರುತ್ತಿದ್ದರು.

“ಹೊರಗೆ ಹೋಗಿ ಅಣ್ಣ,” ಎಂದಳು. ಆತ ಹೋಗಲಿಲ್ಲ. ಆಕೆ ವಿದ್ಯುತ್ ಕಡಿದು, ತಿರುಪು ಸಡಿಲಿಸಿ ಅನಿಲವನ್ನು ಸೂರಿನಂಚಿನ ಪುಟ್ಟ ಕಿಟಕಿಯಾಚೆ ಹೋಗುವ ಕೊಳವೆಗೆ ಬಿಟ್ಟಳು. ಮುಳ್ಳು ಇಳಿಯಿತು. ತಂತಿಯ ಮೈಯಿಂದ ಗುಳ್ಳೆಗಳು ಏಳತೊಡಗಿದವು. ಆಕೆ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದಳು.

ಮರುದಿನ ವರದಿ ಬರೆಯಲು ಕೂತ ಮುಖ್ಯಸ್ಥರು ಕೇಳಿದರು: “ಶಾಖ ಬಂತು ಅಂತ ಬರೀಲಾ, ಬರಲಿಲ್ಲ ಅಂತ ಬರೀಲಾ?”

“ಶಾಖ ಬಂತು ಸರ್. ತಂತಿಯಿಂದ ಬಂತೋ, ಅನಿಲ ಒಳಗೆಲ್ಲೋ ಸ್ವಲ್ಪಸ್ವಲ್ಪ ಕೂಡಿ ಉರಿದು ಬಂತೋ, ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಕೋಣೆ ಉಳಿಯಲ್ಲಮ್ಮ.”

“ಸುಳ್ಳು ಹೇಳಿ ಉಳಿಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ ಸರ್. ಈಗ್ಲೇ ಅರೆಬರೆ.”

ಕೋಣೆ ಹೋಯಿತು. ಗಾಜಣ್ಣ ತನ್ನ ಶೆಡ್ಡಿನ ಮೂಲೆಯಲ್ಲಿ ಕುಲುಮೆಗೆ ಜಾಗ ಕೊಟ್ಟ. ಪಾಠ ಮುಗಿಸಿ ಬಂದು ಆಕೆ ಅಲ್ಲಿ ವರ್ಷಗಟ್ಟಲೆ ತಂತಿ ತುಂಬಿದಳು. ಕೆಲವು ಆ ಮಟ್ಟಕ್ಕೂ ತುಂಬಿದವು, ಆದರೆ ಯಾವುದೂ ಬೆಚ್ಚಗಾಗಲಿಲ್ಲ. ಇನ್ನೂ ಏನೋ ಒಂದು ಸೇರಬೇಕಿತ್ತೇ, ಅಥವಾ ಅಂಥದ್ದೇನೂ ಇರಲೇ ಇಲ್ಲವೇ ಎಂಬುದು ಆಕೆಗೆ ತಿಳಿಯಲಿಲ್ಲ. ಬಿರುಕು ಬಿಡದಂತೆ ತುಂಬುವ ಆಕೆಯ ಕ್ರಮವನ್ನು ಮಾತ್ರ ಪಲ್ಲಾಡಿಯಂ ಹಾಳೆಯಲ್ಲಿ ಜಲಜನಕ ಸೋಸುವ ಕಾರ್ಖಾನೆಯವರು ಕಲಿತುಕೊಂಡು ಹೋದರು. ಅವರು ಹೊಗಳುತ್ತಿದ್ದಾಗ ಆಕೆ ನಡುವೆ ಬಾಯಿ ಹಾಕಿ, “ಅನಿಲ ಹೊರಗೆ ಬಿಡೋಕೆ ನಿಮ್ಮ ಶೆಡ್ಡಿಗೆ ಕಿಟಕಿ ಎಷ್ಟಿದೆ?” ಎಂದು ಕೇಳಿದಳು.